ಮನೆ ಕೊಳ್ಳುವಾಗ ಕಡಲ ಲೆಕ್ಕವೂ ಇರಲಿ

2021ರ ಮೇ ತಿಂಗಳ ತೌಕ್ತೆ ಚಂಡಮಾರುತಕ್ಕೆ ಉಳ್ಳಾಲ, ಸೋಮೇಶ್ವರ, ಉಚ್ಚಿಲದಲ್ಲಿ ಕಡಲು ಮನೆಗಳಿಗೆ ನುಗ್ಗಿದ್ದು ನಮಗೆಲ್ಲ ನೆನಪುಂಟು. ಆದರೂ ಗಲ್ಫ್‌ನ ದುಡಿಮೆ ಸುರಿದು ಮನೆ ಕೊಳ್ಳುವಾಗ ನಾವು ವಿಮೆಯ ಮಾತೇ ಎತ್ತೋದಿಲ್ಲ. ಸಾಲದ ಜೊತೆ ಬ್ಯಾಂಕ್ ಮಾಡಿಸುವ ವಿಮೆ ಎಷ್ಟೋ ಸಲ ಸಾಲಗಾರನ ಜೀವಕ್ಕೆ, ಮನೆಯ ಗೋಡೆಗಲ್ಲ.

ಅದೇ ವರ್ಷದ ಏಪ್ರಿಲ್ 1ರಿಂದ ಮನೆ ವಿಮೆಯ ಕಂಪನಿಗಳೆಲ್ಲ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಕೊಡಲೇಬೇಕು. ಬಿರುಗಾಳಿ, ಚಂಡಮಾರುತ, ನೆರೆಯ ಹಾನಿಗೆ ಇದರಲ್ಲಿ ಪರಿಹಾರ ಉಂಟು. ಕಡಲ್ಕೊರೆತದಿಂದ ನೆಲ ಕುಸಿದರೆ ಇಲ್ಲ. ದಡದ ಮನೆಯವರು ಇದನ್ನು ಮರೆಯಬಾರದು.

ಪ್ರೀಮಿಯಂ ಕಟ್ಟದೆ ರಕ್ಷಣೆ ಶುರುವಾಗೋದಿಲ್ಲ. ರೆಡ್ ಅಲರ್ಟ್ ಬಂದ ಮೇಲೆ ಓಡಿದರೆ ಹೊತ್ತು ಮೀರೀತು. ಮುಂಗಡ ಕೊಡುವ ಮೊದಲೇ ಕೇಳೋಣ: ಕಡಲು ಎಷ್ಟು ದೂರ, ಪಾಲಿಸಿ ಯಾವ ಹಾನಿಗೆ?