ಸ್ಟುಡಿಯೊದಲ್ಲಿ ಫೋನ್ ಎತ್ತುವವರು ಯಾರು?

2002ರ ಜನವರಿ 18ರ ನಸುಕು, ಒಂದೂವರೆ ದಾಟಿತ್ತು. ಅಮೆರಿಕದ ಉತ್ತರ ಡಕೋಟಾದ ಮೈನಾಟ್ ಊರಿನ ಅಂಚಿನಲ್ಲಿ ಗೂಡ್ಸ್ ರೈಲೊಂದು ಹಳಿ ತಪ್ಪಿತು. ಐದು ಟ್ಯಾಂಕರುಗಳು ಒಡೆದು ಅಮೋನಿಯಾ ಊರಿನತ್ತ ಹಬ್ಬಿತು. ಎಷ್ಟೋ ಮನೆಗಳಲ್ಲಿ ಕರೆಂಟೂ ಹೋಯಿತು. ಕಿಟಕಿ ಮುಚ್ಚಿ ಒಳಗೇ ಇರಿ ಎಂದು ಸಾರಲು ಪೊಲೀಸರು ರೇಡಿಯೊ ಕೇಂದ್ರಕ್ಕೆ ಫೋನ್ ಮಾಡಿದರೆ ಯಾರೂ ಸಿಗಲಿಲ್ಲ. ಊರಿನ ಆರೂ ವಾಣಿಜ್ಯ ಕೇಂದ್ರಗಳು ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯವು. ಒಬ್ಬರು ಸತ್ತರು, 300ಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು, ಗಾಯಗೊಂಡರು.

ತುರ್ತು ಪ್ರಸಾರದ ಉಪಕರಣವನ್ನು ಪೊಲೀಸರೇ ಸರಿಯಾಗಿ ಬಳಸಲಿಲ್ಲ ಎಂದು ಕಂಪನಿ ವಾದಿಸಿತು. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಆರು ಕೇಂದ್ರಗಳಿಗೆ ಆರು ಜನ ಒಡೆಯರಿದ್ದಿದ್ದರೆ ಒಂದು ಕಡೆಯಾದರೂ ಯಾರಾದರೂ ಸಿಗುವ ಸಾಧ್ಯತೆ ಹೆಚ್ಚಿರುತ್ತಿತ್ತು.

ಹೀಗೆ ಆರೂ ಒಬ್ಬರ ಕೈ ಸೇರಿದ್ದರ ಬೇರು ಅಮೆರಿಕದ 1996ರ ದೂರಸಂಪರ್ಕ ಕಾಯ್ದೆಯಲ್ಲಿದೆ. ದೇಶದಾದ್ಯಂತ ಒಬ್ಬರ ಕೈಯಲ್ಲಿ ಎಷ್ಟು ಕೇಂದ್ರಗಳಿರಬಹುದು ಎಂಬ ಮಿತಿಯನ್ನೇ ಅದು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಬಳಿ ಸುಮಾರು 1,200 ಕೇಂದ್ರಗಳಾದವು. ಸಾಲ ಮಾಡಿ ಕೊಂಡವರು ಮೊದಲು ಕತ್ತರಿಸುವುದು ಸಂಬಳವನ್ನು. ದೂರದ ಊರಿನ ನಿರೂಪಕ ನಾಲ್ಕಾರು ಪಟ್ಟಣಗಳಿಗೆ ಮಾತು ಮೊದಲೇ ರೆಕಾರ್ಡ್ ಮಾಡಿಡುತ್ತಾನೆ. ಹಾಡು, ಜಾಹೀರಾತು, ಮಾತು ಎಲ್ಲವನ್ನೂ ಕಂಪ್ಯೂಟರ್ ಸಾಲಾಗಿ ಬಿಡುತ್ತಾ ಹೋಗುತ್ತದೆ. ಕೇಳುಗನಿಗೆ ಎದುರಿಗೇ ಕೂತು ಮಾತಾಡಿದಂತಿರುತ್ತದೆ. ಹೊರಗೆ ಮಳೆಯೋ ಬೆಂಕಿಯೋ, ಆ ಕಂಪ್ಯೂಟರಿಗೆ ಗೊತ್ತಿಲ್ಲ. ಹೆಸರು ಬದಲಿಸಿಕೊಂಡು ಐಹಾರ್ಟ್‌ಮೀಡಿಯಾ ಆದ ಅದೇ ಕಂಪನಿ 2018ರಲ್ಲಿ ದಿವಾಳಿ ಅರ್ಜಿ ಹಾಕಿತು!

ಇನ್ನು ನಮ್ಮ ಕಡೆಗೆ ಬನ್ನಿ. ಖಾಸಗಿ ಎಫ್‌ಎಂ ದೇಶದಲ್ಲಿ ಮೊದಲು ಮಾತಾಡಿದ್ದು ಬೆಂಗಳೂರಿನಲ್ಲಿ, 2001ರಲ್ಲಿ, ರೇಡಿಯೊ ಸಿಟಿಯಾಗಿ. ಇಂದು ಅದು ಕಾನ್ಪುರ ಮೂಲದ ಜಾಗರಣ ಸಮೂಹದ ಒಡೆತನದಲ್ಲಿದೆ. ಒಡೆಯ ಹೊರಗಿನವನಾದ ಮಾತ್ರಕ್ಕೆ ಕೆಡುಕಲ್ಲ, ಬಿಡಿ. ಆದರೆ ಖಾಸಗಿ ಎಫ್‌ಎಂ ವಿಸ್ತರಣೆಗೆ ಸರ್ಕಾರ ತಂದ ಮೂರನೇ ಹಂತದ ನೀತಿ ಒಂದೇ ಕಂಪನಿಯ ಕೇಂದ್ರಗಳು ಕಾರ್ಯಕ್ರಮ ಹಂಚಿಕೊಳ್ಳಲು ಅವಕಾಶ ಕೊಟ್ಟಿತು. ದೇಶದ ಒಟ್ಟು ವಾಹಿನಿಗಳಲ್ಲಿ ಒಬ್ಬರಿಗೆ ಶೇ. 15ಕ್ಕಿಂತ ಹೆಚ್ಚು ಸಲ್ಲದು ಎಂಬ ಮಿತಿಯನ್ನು 2022ರಲ್ಲಿ ಕೇಂದ್ರ ಸರ್ಕಾರ ತೆಗೆದುಹಾಕಿತು. 2024ರಲ್ಲಿ 234 ಹೊಸ ಪಟ್ಟಣಗಳ 730 ವಾಹಿನಿಗಳ ಹರಾಜಿಗೆ ಸಂಪುಟ ಒಪ್ಪಿತು. ಒಂದೇ ನಗರದಲ್ಲಿ ಶೇ. 40 ಮೀರಬಾರದು ಎಂಬ ತಡೆ ಇರುವುದರಿಂದ ಮೈನಾಟ್‌ನಂತೆ ಊರಿಗೆ ಊರೇ ಒಬ್ಬರ ಪಾಲಾಗುವ ಭಯ ಕಡಿಮೆ. ಆದರೆ ಒಡೆಯರು ಮೂವರಿದ್ದೂ ಮೂರು ಸ್ಟುಡಿಯೊಗಳು ರಾತ್ರಿ ಬೀಗ ಹಾಕಿಕೊಂಡಿರಬಹುದಲ್ಲ? ಸಣ್ಣ ಪಟ್ಟಣದ ಜಾಹೀರಾತು ಆದಾಯದಲ್ಲಿ ರಾತ್ರಿ ಪಾಳಿಗೆ ಸಂಬಳ ಕೊಡುವವರು ವಿರಳ.

ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಓದುವ ಹಕ್ಕಿಲ್ಲ. ಆದರೆ ಸ್ಥಳೀಯ ಆಡಳಿತ ಕೊಡುವ ನೈಸರ್ಗಿಕ ವಿಕೋಪದ ಮಾಹಿತಿಯನ್ನು ಬಿತ್ತರಿಸಬಹುದು. ನದಿ ಉಕ್ಕಿ ಮೊಬೈಲ್ ಟವರ್ ಬಿದ್ದ ರಾತ್ರಿ ಜಿಲ್ಲಾಧಿಕಾರಿ ಕಚೇರಿಯಿಂದ ಆ ಮಾಹಿತಿ ಹೊರಟರೂ ಅದನ್ನು ಮೈಕಿಗೆ ಮುಟ್ಟಿಸಲು ಕೇಂದ್ರದಲ್ಲಿ ಒಬ್ಬರಿರಬೇಕು. ಆದ್ದರಿಂದ ಪ್ರತಿ ಪಟ್ಟಣದಲ್ಲಿ ಕನಿಷ್ಠ ಒಂದು ಕೇಂದ್ರವಾದರೂ ದಿನದ ಇಪ್ಪತ್ನಾಲ್ಕು ಗಂಟೆಯೂ ಸಿಬ್ಬಂದಿ ಇಟ್ಟುಕೊಂಡಿರಬೇಕು ಎಂಬ ಷರತ್ತನ್ನು ಪರವಾನಗಿಯಲ್ಲೇ ಬರೆಯಿರಿ, ಹರಾಜಿನ ಸುತ್ತಿಗೆ ಬೀಳುವ ಮೊದಲೇ.