ರಾಷ್ಟ್ರ, ಪ್ರಭುತ್ವ, ಪೌರತ್ವ - ಮೂರೂ ಒಂದೇನಾ?



ಜರ್ಮನಿಯ ಹೊಸ ಪೌರತ್ವ ಕಾಯ್ದೆ 2024ರ ಜೂನ್ 27ರಂದು ಜಾರಿಗೆ ಬಂದ ಮೇಲೆ, ಇಲ್ಲಿರುವ ನಾವು ಕನ್ನಡಿಗರು ಎಲ್ಲಿ ಸೇರಿದರೂ ಒಂದೇ ಚರ್ಚೆ: ಪಾಸ್‌ಪೋರ್ಟ್ ಬದಲಾಯಿಸಬೇಕೋ, ಬೇಡವೋ? ಎಂಟು ವರ್ಷ ವಾಸವಿರಬೇಕೆಂಬ ನಿಯಮ ಐದಕ್ಕೆ ಇಳಿದಿದೆ. ಹಳೆಯ ಪೌರತ್ವ ಬಿಟ್ಟು ಬನ್ನಿ ಎಂದು ಜರ್ಮನಿ ಈಗ ಕೇಳುವುದಿಲ್ಲ. ಆದರೆ ಭಾರತದ 1955ರ ಪೌರತ್ವ ಕಾಯ್ದೆ ಎರಡು ಪೌರತ್ವಕ್ಕೆ ಒಪ್ಪುವುದಿಲ್ಲ. ಸ್ವಂತ ಇಚ್ಛೆಯಿಂದ ಇನ್ನೊಂದು ದೇಶದ ಪ್ರಜೆಯಾದರೆ ಭಾರತದ ಪೌರತ್ವ ಅಲ್ಲಿಗೆ ಮುಗಿಯಿತು. "ಹಾಗಾದರೆ ಇನ್ಮೇಲೆ ನಾವು ಇಂಡಿಯಾದವರಲ್ವಾ?" ಎಂದು ಮಕ್ಕಳು ಕೇಳಿದರೆ ಏನು ಹೇಳೋಣ?

ನಮ್ಮ ಗೊಂದಲಕ್ಕೆ ಒಂದು ಕಾರಣವಿದೆ. 'ದೇಶ' ಎಂಬ ಒಂದೇ ಮಾತಿನಲ್ಲಿ ನಾವು ಮೂರು ಸಂಗತಿಗಳನ್ನು ಸೇರಿಸಿಬಿಡುತ್ತೇವೆ.

ಪ್ರಭುತ್ವ: ಗಡಿ, ಸರಕಾರ, ಕಾನೂನು, ತೆರಿಗೆ ಇರುವ ಆಡಳಿತ ವ್ಯವಸ್ಥೆ.
ರಾಷ್ಟ್ರ: 'ನಾವೆಲ್ಲ ಒಂದು' ಎಂದು ನಂಬಿದ ಜನಸಮುದಾಯ.
ಪೌರತ್ವ: ವ್ಯಕ್ತಿಗೂ ಪ್ರಭುತ್ವಕ್ಕೂ ಇರುವ ಕಾನೂನಿನ ಸಂಬಂಧ.

ಇವು ಬೇರೆ ಬೇರೆ ಎನ್ನುವುದಕ್ಕೆ ಜರ್ಮನಿಯೇ ಸಾಕ್ಷಿ. 1871ಕ್ಕೆ ಮುಂಚೆ ಜರ್ಮನ್ ಜನ ಹತ್ತಾರು ಪ್ರಭುತ್ವಗಳಲ್ಲಿ ಹಂಚಿಹೋಗಿದ್ದರು. 1949ರಿಂದ 1990ರವರೆಗೆ ಪೂರ್ವ, ಪಶ್ಚಿಮ ಎಂದು ಎರಡು ಜರ್ಮನಿಗಳಿದ್ದವು. ಆದರೂ 'ನಾವು ಜರ್ಮನ್ನರು' ಎಂಬ ಭಾವನೆ ಉಳಿದಿತ್ತು!

ಈ ಭಾವನೆ ಬರುವುದು ಎಲ್ಲಿಂದ? ಪಂಡಿತರಲ್ಲಿ ಒಮ್ಮತವಿಲ್ಲ. ಕೈಗಾರಿಕಾ ಸಮಾಜಕ್ಕೆ ಒಂದೇ ಭಾಷೆ, ಒಂದೇ ಬಗೆಯ ಶಿಕ್ಷಣ ಬೇಕಾಯಿತು, ಅದರಿಂದ ರಾಷ್ಟ್ರೀಯತೆ ಹುಟ್ಟಿತು ಎಂದವರು ಅರ್ನೆಸ್ಟ್ ಗೆಲ್ನರ್ (1983). ಅದೇ ವರ್ಷ ಬೆನೆಡಿಕ್ಟ್ ಆಂಡರ್ಸನ್ ರಾಷ್ಟ್ರವನ್ನು 'ಕಲ್ಪಿತ ಸಮುದಾಯ' ಎಂದರು. ಒಬ್ಬರನ್ನೊಬ್ಬರು ಎಂದೂ ನೋಡದ ಲಕ್ಷಾಂತರ ಜನ, ಒಂದೇ ಭಾಷೆಯ ಪುಸ್ತಕ, ಪತ್ರಿಕೆ ಓದುತ್ತಾ ತಮ್ಮನ್ನು ಒಂದು ಸಮುದಾಯವೆಂದು ಕಲ್ಪಿಸಿಕೊಳ್ಳುತ್ತಾರೆ. ಕಲ್ಪಿತ ಎಂದರೆ ಸುಳ್ಳು ಎಂದಲ್ಲ! ಆಂಥೊನಿ ಸ್ಮಿತ್ (1986) ಮಾತ್ರ, ಇದೆಲ್ಲಕ್ಕೂ ಬುನಾದಿಯಾಗಿ ಹಳೆಯ ನೆನಪು, ಪುರಾಣಗಳು ಬೇಕು ಎನ್ನುತ್ತಾರೆ.

ನಮ್ಮ ಏಕೀಕರಣದ ಕಥೆಯಲ್ಲಿ ಇವುಗಳ ಛಾಯೆ ಕಾಣುತ್ತದೆ. ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹರಿದುಹೋಗಿದ್ದ ಕನ್ನಡಿಗರನ್ನು ಪತ್ರಿಕೆ, ಸಾಹಿತ್ಯ ಬೆಸೆದವು. ಆಲೂರು ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ' ಬರೆದು ಹಳೆಯ ನೆನಪು ಕೆದಕಿದರು. ಆದರೆ 1956ರಲ್ಲಿ ನಾವು ಪಡೆದದ್ದು ಭಾರತದೊಳಗೇ ಒಂದು ರಾಜ್ಯ. ಕನ್ನಡಿಗರಾಗಿಯೂ ಭಾರತೀಯರಾಗಿಯೂ ಇರುವುದು ನಮಗೆ ಹೊಸದೇನಲ್ಲ.

ಇನ್ನೊಂದು ಮುಖ್ಯ ಭೇದವಿದೆ. ವಂಶದಿಂದ ರಾಷ್ಟ್ರವೋ, ಒಪ್ಪಿ ಜೊತೆಗೆ ಬಾಳುವ ಪ್ರಜೆಗಳಿಂದ ರಾಷ್ಟ್ರವೋ? ಜರ್ಮನಿಯ 1913ರ ಕಾಯ್ದೆ ವಂಶವನ್ನೇ ಹಿಡಿದಿತ್ತು. 1961ರ ಒಪ್ಪಂದದ ನಂತರ ಟರ್ಕಿಯಿಂದ ಕೆಲಸಕ್ಕೆ ಬಂದವರ ಮಕ್ಕಳು ಇಲ್ಲೇ ಹುಟ್ಟಿ ಬೆಳೆದರೂ ಹುಟ್ಟಿನಿಂದ ಜರ್ಮನ್ನರಾಗಲಿಲ್ಲ. 2000ದಲ್ಲಿ ನಿಯಮ ಬದಲಾಯಿತು. ಅಂದಿನಿಂದ ವಿದೇಶಿ ತಂದೆ-ತಾಯಿಗೆ ಇಲ್ಲಿ ಹುಟ್ಟಿದ ಮಕ್ಕಳಿಗೂ, ಕೆಲವು ಷರತ್ತುಗಳ ಮೇಲೆ, ಹುಟ್ಟಿನಿಂದಲೇ ಪೌರತ್ವ ಸಿಗುತ್ತಿದೆ. ಒಂದು ರಾಷ್ಟ್ರ 'ನಮ್ಮವರು ಯಾರು' ಎಂಬುದನ್ನೇ ತಿದ್ದಿ ಬರೆಯಿತು!

ಹಾಗಾದರೆ ಮಕ್ಕಳಿಗೆ ಉತ್ತರ? ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಇವು ಒಂದೇ ಕಾಲಮ್ಮಿನಲ್ಲಿ ತುಂಬುವ ಮಾಹಿತಿಗಳಲ್ಲ. ಪೌರತ್ವದ ಕಾಲಮ್ ಬದಲಾದರೆ ಭಾಷೆಯ ಕಾಲಮ್ ತಾನಾಗಿ ಅಳಿಸಿಹೋಗುವುದಿಲ್ಲ. ಹಾಗೆಂದು ಪಾಸ್‌ಪೋರ್ಟ್ ಬರೀ ಕಾಗದವೂ ಅಲ್ಲ. ಓಸಿಐ ಕಾರ್ಡಿನಿಂದ ಊರಿಗೆ ವೀಸಾ ಇಲ್ಲದೆ ಹೋಗಿಬರಬಹುದು, ಆದರೆ ಅಲ್ಲಿ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಇತ್ತ ಜರ್ಮನ್ ಪೌರತ್ವವಿಲ್ಲದೆ, ಎಷ್ಟೇ ವರ್ಷ ತೆರಿಗೆ ಕಟ್ಟಿದರೂ ಇಲ್ಲಿನ ಸಂಸತ್ತಿನ ಚುನಾವಣೆಯಲ್ಲಿ ನಮಗೆ ದನಿಯಿಲ್ಲ.

ಯಾವ ಪಾಸ್‌ಪೋರ್ಟ್ ಎಂಬುದನ್ನು ಪ್ರತಿ ಮನೆಯವರೂ ತಮ್ಮ ಲೆಕ್ಕ ನೋಡಿ ತೀರ್ಮಾನಿಸಲಿ. ಆದರೆ 'ಕನ್ನಡ ಬಿಟ್ಟೆವೇನೋ' ಎಂಬ ಅಳುಕನ್ನು ಆ ಲೆಕ್ಕಕ್ಕೆ ಸೇರಿಸುವುದು ಬೇಡ. ಕನ್ನಡ ಉಳಿಯುವುದೋ ಅಳಿಯುವುದೋ ನಮ್ಮ ಊಟದ ಮೇಜಿನ ಮಾತುಕತೆಯಲ್ಲಿ ನಿರ್ಧಾರವಾಗುತ್ತದೆ, ಪೌರತ್ವದ ಕಚೇರಿಯಲ್ಲಿ ಅಲ್ಲ.