ಏಕೀಕೃತ ಮಾರುಕಟ್ಟೆ ವೇದಿಕೆ (ಕರ್ನಾಟಕ)

ಏಕೀಕೃತ ಮಾರುಕಟ್ಟೆ ವೇದಿಕೆಯು ಕರ್ನಾಟಕದ ಕೃಷಿ ಉತ್ಪನ್ನ ಮಾರುಕಟ್ಟೆಗಳನ್ನು ಅಂತರಜಾಲದ ಮೂಲಕ ಬೆಸೆಯುವ ವ್ಯಾಪಾರ ವ್ಯವಸ್ಥೆಯಾಗಿದೆ. ಮಾಹಿತಿ ತಂತ್ರಜ್ಞಾನವು ವ್ಯಾಪಾರದ ಕ್ರಮವನ್ನು ಬದಲಿಸಿದುದಕ್ಕೆ ಇದೊಂದು ನಿದರ್ಶನ. ಇದು 2014ರಲ್ಲಿ ಆರಂಭವಾಯಿತು.

ಹಿನ್ನೆಲೆ

ಮೊದಲು ಧಾರಣೆಯು ಪ್ರಾಂಗಣದಲ್ಲಿ ಹಾಜರಿದ್ದ ವರ್ತಕರ ನಡುವೆಯೇ ನಿರ್ಧಾರವಾಗುತ್ತಿತ್ತು. ಕೊಳ್ಳುವವರು ಕೆಲವರೇ ಆಗಿದ್ದು ಪರಸ್ಪರ ಮಾತಾಡಿಕೊಂಡರೆ ರೈತನಿಗೆ ನ್ಯಾಯವಾದ ಬೆಲೆ ದೊರೆಯುತ್ತಿರಲಿಲ್ಲ. ಒಪ್ಪದೆ ಮಾಲನ್ನು ಹಿಂದಕ್ಕೆ ಒಯ್ದರೆ ಬಾಡಿಗೆಯೂ ನಷ್ಟವಾಗುತ್ತಿತ್ತು.

ವ್ಯಾಪಾರದ ಕ್ರಮ

ಪ್ರವೇಶದ್ವಾರದಲ್ಲಿ ಉತ್ಪನ್ನದ ವಿವರ ದಾಖಲಾಗಿ, ಪ್ರತಿ ರಾಶಿಗೂ ಲಾಟ್ ಸಂಖ್ಯೆ ದೊರೆಯುತ್ತದೆ. ವರ್ತಕರು ನಿಗದಿತ ವೇಳೆಯೊಳಗೆ ಗಣಕಯಂತ್ರದಲ್ಲಿ ದರ ನಮೂದಿಸುತ್ತಾರೆ; ಒಬ್ಬರ ದರ ಮತ್ತೊಬ್ಬರಿಗೆ ಕಾಣುವುದಿಲ್ಲ. ಅವಧಿ ಮುಗಿದ ಬಳಿಕ ಅತ್ಯಧಿಕ ದರವನ್ನು ಪ್ರಕಟಿಸಲಾಗುತ್ತದೆ. ಅದನ್ನು ಒಪ್ಪುವ ಅಥವಾ ನಿರಾಕರಿಸುವ ಹಕ್ಕು ರೈತನದು. ಒಪ್ಪಿದ ನಂತರವೇ ತೂಕ ಮತ್ತು ಹಣ ಪಾವತಿ ನಡೆಯುತ್ತವೆ. ಇಡೀ ರಾಜ್ಯಕ್ಕೆ ಅನ್ವಯಿಸುವ ಒಂದೇ ಪರವಾನಗಿಯಿಂದ ದೂರದ ಊರಿನ ವರ್ತಕರೂ ಭಾಗವಹಿಸಬಹುದು.

ಇದನ್ನು ಹೋಲುವ, ಇಡೀ ದೇಶವನ್ನು ಉದ್ದೇಶಿಸಿದ ರಾಷ್ಟ್ರೀಯ ಕೃಷಿ ಮಾರುಕಟ್ಟೆಯನ್ನು (ಇ-ನಾಮ್) ಕೇಂದ್ರ ಸರ್ಕಾರವು 2016ರ ಏಪ್ರಿಲ್ 14ರಂದು ಆರಂಭಿಸಿತು.

ಮಿತಿಗಳು

ಕಾಣದ ಮಾಲನ್ನು ದೂರದಿಂದ ಕೊಳ್ಳಲು ಅದರ ಗುಣಮಟ್ಟದಲ್ಲಿ ವಿಶ್ವಾಸವಿರಬೇಕು. ಕೊಬ್ಬರಿಯ ತೇವಾಂಶ, ಮೆಣಸಿನಕಾಯಿಯ ಬಣ್ಣ ಮುಂತಾದವುಗಳನ್ನು ಪರೀಕ್ಷಿಸುವ ಸೌಲಭ್ಯವಿಲ್ಲದಿದ್ದರೆ ಪೈಪೋಟಿಯು ಸ್ಥಳೀಯ ವರ್ತಕರಿಗೇ ಸೀಮಿತವಾಗುತ್ತದೆ. ಅಲ್ಲದೆ, ದಲಾಲರಿಂದ ಮುಂಗಡ ಸಾಲ ಪಡೆದ ರೈತನು ಅವರ ಅಂಗಡಿಗೇ ಮಾಲು ತರಬೇಕಾಗುತ್ತದೆ. ಆಗ ದರವನ್ನು ನಿರಾಕರಿಸುವ ಹಕ್ಕು ಇದ್ದರೂ ಅದನ್ನು ಚಲಾಯಿಸುವುದು ಕಷ್ಟ. ಆದುದರಿಂದ ಗುಣಪರೀಕ್ಷೆ ಮತ್ತು ಸಕಾಲಿಕ ಬ್ಯಾಂಕ್ ಸಾಲಗಳು ಈ ವ್ಯವಸ್ಥೆಗೆ ಗಣಕಯಂತ್ರದಷ್ಟೇ ಅಗತ್ಯವಾಗಿವೆ.